ಅಣ್ಣನ ಸಂಬಳದ ಎರಡರಷ್ಟು

ಆರ್.ಟಿ. ನಗರ, ಬೆಂಗಳೂರು – 32
17–9–1983, ಶನಿವಾರ ಬೆಳಿಗ್ಗೆ

ಪ್ರೀತಿಯ ಅಣ್ಣನಿಗೆ ನಿನ್ನ ತಂಗಿ ಪಂಕಜಾ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿನ್ನ ಹಲ್ಲಿನ ಸಮಾಚಾರ ಏನಾಯಿತು? ಹೊಸದಾಗಿ ಕಟ್ಟಿಸಿದ ಮೂರು ಹಲ್ಲಿನ ಸೆಟ್ಟು ದವಡೆಗೆ ಒತ್ತುತ್ತಿದೆ, ಚಿತ್ರದುರ್ಗದ ಡಾಕ್ಟರು ಉಜ್ಜಿ ಕೊಡುತ್ತೇನೆಂದು ತಿಂಗಳಿನಿಂದ ಓಡಾಡಿಸುತ್ತಿದ್ದಾರೆ ಎಂದು ಗೋದಾ ಅತ್ತಿಗೆ ಬರೆದಿದ್ದರು. ಒತ್ತುವ ಕಡೆ ಅಗಿಯಬೇಡ, ಅನ್ನವನ್ನು ಮೆತ್ತಗೆ ಮಾಡಿಸಿಕೊಂಡು ತಿನ್ನು. ಅತ್ತಿಗೆಯ ತಲೆಸುತ್ತು ಹೇಗಿದೆ? ಮಕ್ಕಳಿಗೆ ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿರಬೇಕು. ಗೌರಿ ಹಬ್ಬಕ್ಕೆ ನೀನು ಕಳುಹಿಸಿದ ಇಪ್ಪತ್ತೈದು ರೂಪಾಯಿ ಮನಿಯಾರ್ಡರು ಹಬ್ಬದ ಹಿಂದಿನ ದಿನವೇ ಕೈಸೇರಿತು. ಕೂಪನ್ನಿನಲ್ಲಿ "ಬಳೆಗೆ, ಹೂವಿಗೆ" ಎಂದು ಬರೆದಿದ್ದೆ. ಹತ್ತು ವರ್ಷದಿಂದ ಅದೇ ಇಪ್ಪತ್ತೈದು, ಅದೇ ಎರಡು ಪದ. ಆದರೂ ನನಗೆ ಎಂದಿನಂತೆ ಕಣ್ಣು ತುಂಬಿ ಬಂತು. ನಮ್ಮ ಮನೆ ಯಜಮಾನಿ ದ್ರೌಪದಮ್ಮನವರಿಗೆ ತೋರಿಸಿ, ನೋಡಿ, ನಮ್ಮಣ್ಣ ಎಲ್ಲೇ ಇದ್ದರೂ ಮರೆಯುವುದಿಲ್ಲ ಎಂದು ಜಂಬ ಕೊಚ್ಚಿಕೊಂಡೆ. ಹಸಿರು ಬಳೆ ತೊಟ್ಟುಕೊಂಡೆ. ಇದೆಲ್ಲ ಹೋದ ವಾರ ಹಬ್ಬದ ಹೊತ್ತಿನ ಮಾತು. ಆಗ ನನಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಹಬ್ಬ ಮುಗಿದ ಭಾನುವಾರ ಜಕ್ಕೂರಿನಿಂದ ದೊಡ್ಡಮುನಿಯಪ್ಪನವರು ಹೇಳಿ ಕಳುಹಿಸಿದ್ದರು, ಹೋಗಿದ್ದೆ. ಇವರು ಏಳೆಂಟು ವರ್ಷದಿಂದ ನಮ್ಮ ಧಣಿ ಉಪೇಂದ್ರ ಅವರ ಹ್ಯಾಚರಿಯಿಂದ ಕೋಳಿಮರಿ ಕೊಂಡುಹೋಗುತ್ತಿದ್ದ ರೈತರು. ಈಗ ದ್ರಾಕ್ಷಿ ತೋಟವನ್ನು ಕಿತ್ತುಹಾಕಿ, ಆ ಜಾಗದಲ್ಲಿ ತಮ್ಮದೇ ಹ್ಯಾಚರಿ ಕಟ್ಟಿಸಿದ್ದಾರೆ. ಉಪೇಂದ್ರ ಅವರದಕ್ಕಿಂತ ದೊಡ್ಡದು. ಫ್ಲೈಯಿಂಗ್ ಕ್ಲಬ್ಬಿನ ವಿಮಾನಗಳು ತಲೆಯ ಮೇಲೆಯೇ ಹಾರುತ್ತವೆ, ಆ ಸದ್ದಿಗೆ ಮೊಟ್ಟೆ ಕೆಡುವುದಿಲ್ಲವೇ ಎಂದು ನಾನು ಕೇಳಿದರೆ ಅವರು ನಕ್ಕರು. ಮರಿ ನೋಡುವ ಕೆಲಸಕ್ಕೆ ಅವರಿಗೆ ನಾನೇ ಬೇಕಂತೆ. ನೀನು ಈ ಹತ್ತು ವರ್ಷದಲ್ಲಿ ಒಂದು ದಿನವೂ ಬಂದು ನನ್ನ ಕೆಲಸ ನೋಡಿದವನಲ್ಲ, ಆದ್ದರಿಂದ ಈಗಲಾದರೂ ತಿಳಿದುಕೋ. ಮೊಟ್ಟೆ ಒಡೆದು ಹೊರಬಂದ ಮರಿಯನ್ನು ಆ ದಿನವೇ ಹೆಣ್ಣು ಯಾವುದು, ಗಂಡು ಯಾವುದು ಎಂದು ಬೇರ್ಪಡಿಸಬೇಕು. ಮೊಟ್ಟೆ ವ್ಯಾಪಾರದವರಿಗೆ ಹೆಣ್ಣು ಮರಿಯೇ ಬೇಕು, ಗಂಡಿಗೆ ಬೆಲೆಯಿಲ್ಲ. (ನಿನಗೆ ಓದಲು ಕಷ್ಟವಾಗಬಹುದು, ಆದರೆ ಕೋಳಿಗಳಲ್ಲಿ ಹಾಗೆ.) ಎಡಗೈಯಲ್ಲಿ ಮರಿ ಹಿಡಿದು, ಬಾಲದ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ದೊಡ್ಡ ಬಲ್ಬಿನ ಬೆಳಕಿನಲ್ಲಿ ನೋಡಿದರೆ ಗಸಗಸೆ ಕಾಳಿನಷ್ಟು ಒಂದು ಉಬ್ಬು ಕಾಣುತ್ತದೆ. ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಹೆಚ್ಚು ಒತ್ತಿದರೆ ಮರಿ ಸಾಯುತ್ತದೆ, ಕಡಿಮೆ ಒತ್ತಿದರೆ ಕಾಣುವುದಿಲ್ಲ. ಗಂಟೆಗೆ ಎಂಟುನೂರು ಮರಿ ನೋಡುತ್ತೇನೆ. ನೂರಕ್ಕೆ ಎರಡು ತಪ್ಪಿದರೆ ಹೆಚ್ಚು. ನಾನು ನೋಡಿದ ಪೆಟ್ಟಿಗೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಯಲಹಂಕ, ದೇವನಹಳ್ಳಿ ಕಡೆಯ ರೈತರು ಬಂದು ಕೆಂಪು ಚುಕ್ಕೆ ಪೆಟ್ಟಿಗೇನೇ ಕೊಡಿ ಎಂದು ಹಟ ಹಿಡಿಯುತ್ತಾರೆ ಎಂಬುದು ನನಗೆ ಗೊತ್ತಾಗಿದ್ದೇ ದೊಡ್ಡಮುನಿಯಪ್ಪನವರು ಹೇಳಿದ ಮೇಲೆ. "ಆ ಚುಕ್ಕೆ ಇದ್ರೆ ಉಂಜ ಬರಾಕಿಲ್ಲ ಅಂತ ನಮ್ ಕಡೆ ಎಲ್ಲಾರ್ಗೂ ಗೊತ್ತು ಕಣಮ್ಮ. ಆ ಚುಕ್ಕೆ ಯಾರ್ದು ಅಂತ ಉಡ್ಕಾಕೇ ನಂಗೆ ಎರಡ್ ವರ್ಸ ಆಯ್ತು" ಎಂದರು. ಉಪೇಂದ್ರ ಅವರು ನನ್ನ ಹೆಸರನ್ನೇ ಯಾರಿಗೂ ಹೇಳುತ್ತಿರಲಿಲ್ಲವಂತೆ.

ಆಮೇಲೆ ಅವರು ಸಂಬಳ ಎಷ್ಟು ಬೇಕೆಂದು ನೇರವಾಗಿ ಕೇಳಿದರು. "ಏಳಮ್ಮ, ತಿಂಗ್ಳಿಗೆ ಏಟು ಬೇಕು?" ಅಣ್ಣ, ನನ್ನ ಬಾಯಿಂದ ತಾನೇತಾನಾಗಿ ಬಂದದ್ದು ನಿನ್ನ ಮಾತು: "ನೀವೇ ನೋಡಿ ಕೊಡಿ." ಅವರು ಎಲೆಯಡಿಕೆ ಉಗುಳಿ ಬಂದು ನನ್ನನ್ನೇ ನೋಡಿದರು. "ನಾನ್ ನೋಡಿ ಆಕಾಕೆ ಇದೇನ್ ಮಂಗಳಾರತಿ ತಟ್ಟೇನಮ್ಮ? ನಾನ್ ಮೊಟ್ಟೆ ಮಾರಾಕ್ ಓದಾಗ ನೀವೇ ನೋಡಿ ಕೊಡಿ ಅಂದ್ರೆ ನನ್ ಎಂಡ್ರು ಮನೇಗ್ ಸೇರುಸ್ತಾಳಾ? ಬೆಲೆ ಮಾರೋರು ಏಳ್ಬೇಕು. ಬಾಯಾಗ್ ಏಳಾಕೆ ನಾಚ್ಕೆ ಆದ್ರೆ ಚೀಟಿನಾಗ್ ಬರ್ಕೊಂಡು ಬರೋ ಶನಿವಾರ ತಂದ್ಕೊಡು. ಒಪ್ಪುದ್ರೆ ಸೈ, ಇಲ್ದಿದ್ರೆ ಇಲ್ಲ. ಚೌಕಾಸಿ ನಂಗಾಗಾಕಿಲ್ಲ." ಅಷ್ಟೇ. ನಾನು ಜಕ್ಕೂರಿನಿಂದ ಹೆಬ್ಬಾಳದವರೆಗೆ ಬಸ್ಸಿನಲ್ಲಿ ಕೂತು ಒಂದೂ ಅಂಕಿಯನ್ನು ಮನಸ್ಸಿನಲ್ಲಿ ನಿಲ್ಲಿಸಲಾರದೆ ಹೋದೆ. ಮೂವತ್ತೊಂದು ವರ್ಷದ ಹೆಂಗಸು, ವಾರಕ್ಕೆರಡು ದಿನ ಐದಾರು ಸಾವಿರ ಮರಿ ಎಣಿಸುವವಳು, ನನ್ನ ಬೆಲೆ ಎಷ್ಟು ಎಂದು ಎಣಿಸಲಾರದವಳಾಗಿದ್ದೆ.

ಎಪ್ಪತ್ತಮೂರರಲ್ಲಿ ಉಪೇಂದ್ರ ಅವರ ಮನೆಯ ಹಜಾರದಲ್ಲಿ ನಡೆದದ್ದು ನಿನಗೆ ನೆನಪಿರಬೇಕು. ನೀನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರು ನಿನ್ನ ಕ್ಲಾಸ್‌ಮೇಟು, ಹೊಸ ಹ್ಯಾಚರಿ, ನಾನು ಹೆಸರಘಟ್ಟದಲ್ಲಿ ಮರಿ ನೋಡುವ ತರಬೇತಿ ಮುಗಿಸಿ ಬಂದವಳು. ಕೋಳಿ ಮುಟ್ಟುವ ಕೆಲಸ ಎಂದು ಅಮ್ಮ ಮೂರು ದಿನ ಊಟ ಬಿಟ್ಟಿದ್ದಳು. ಬೀದಿಯವರಿಗೆ ಹೆಬ್ಬಾಳದಲ್ಲಿ ಆಫೀಸು ಕೆಲಸ ಎಂದು ಹೇಳುವುದು, ಸಂಜೆ ಹಿತ್ತಲಿನಿಂದ ಒಳಗೆ ಬಂದು ಸ್ನಾನ ಮಾಡಿದ ಮೇಲೆಯೇ ಅಡುಗೆಮನೆಗೆ ಕಾಲಿಡುವುದು, ಇವೆರಡು ಷರತ್ತಿನ ಮೇಲೆ ಒಪ್ಪಿದ್ದಳು. ಸಂಬಳ ಎಷ್ಟು ಬೇಕು ಎಂದು ಉಪೇಂದ್ರ ಅವರು ಕೇಳಿದಾಗ ನೀನು ಎರಡೂ ಕೈ ಮೇಲಕ್ಕೆತ್ತಿ, "ನೀನೇ ನೋಡಿ ಕೊಡಪ್ಪ, ನಮ್ಮದೇನೂ ಇಲ್ಲ, ಹುಡುಗಿ ಮನೇಲಿ ಸುಮ್ಮನೆ ಕೂತಿರೋ ಬದಲು" ಎಂದೆ. ಅವರು ನೂರೈವತ್ತು ಎಂದರು. ದಾರಿಯಲ್ಲಿ ನನಗೆ, "ದುಡ್ಡಿನ ವಿಷಯ ನಾವಾಗಿ ಬಾಯಿ ಬಿಟ್ಟು ಕೇಳಬಾರದು ಕಣೇ, ಮರ್ಯಾದಸ್ಥರ ಲಕ್ಷಣ ಅಲ್ಲ" ಎಂದು ಹೇಳಿಕೊಟ್ಟೆ. ಆ ವರ್ಷವೇ ನಿನಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಒಂದೇ ಒಂದು ಸಲ ಬಿಟ್ಟರೆ ನಾನು ಹತ್ತು ವರ್ಷ ಮರ್ಯಾದಸ್ಥಳಾಗಿಯೇ ಇದ್ದೆ. ಸಂಬಳ ಹೆಚ್ಚಾದಾಗಲೆಲ್ಲ ಉಪೇಂದ್ರ ಅವರು ದೊಡ್ಡ ಮನಸ್ಸು ಮಾಡಿದರು ಎಂದುಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಸೋಮವಾರ, ಮಂಗಳವಾರ ಚೀಟಿ ಬರೆದು ಬರೆದು ಹರಿದೆ. ಈಗ ನನಗೆ ಐನೂರ ಅರವತ್ತು. ಮೊದಲ ಚೀಟಿಯಲ್ಲಿ ಆರುನೂರು ಎಂದು ಬರೆದೆ. ಆಮೇಲೆ ಬಸ್ಸಿನ ಖರ್ಚು ಹೆಚ್ಚಾಗುತ್ತದಲ್ಲ ಎಂದು ಆರುನೂರ ಐವತ್ತು. ಅದೇ ದುರಾಸೆ ಎನ್ನಿಸಿ ಅದನ್ನೂ ಹರಿದೆ. ದ್ರೌಪದಮ್ಮನವರು ಕಾಫಿ ಕೊಡಲು ಬಂದವರು ನೋಡಿ, "ಎಂಟುನೂರು ಕೇಳೇ, ಅಷ್ಟೇ ಮತ್ತೆ. ಒಂಟಿ ಹೆಂಗಸು ಜಾಸ್ತಿ ಕೇಳಿದ್ರೆ ಎಲ್ಲರ ಕಣ್ಣಿಗೂ ಬೀಳ್ತೀಯ" ಎಂದರು. ಎಂಟುನೂರು ಕೇಳಿ ನನಗೆ ಬೆವರೇ ಬಂತು. ಆಗ ನಾನು ಮಾಡಿದ ಯೋಚನೆ ಏನು ಗೊತ್ತಾ ಅಣ್ಣ? ನಮ್ಮ ವೇಣು ಅಣ್ಣನಿಗೆ ಬರೆದು ಕೇಳೋಣ, ಅವನು ಹೇಳಿದಷ್ಟು ಬರೆದುಕೊಡೋಣ ಎಂದು. ಇನ್‌ಲ್ಯಾಂಡು ಕಾಗದ ಕೂಡ ತಂದಿಟ್ಟಿದ್ದೆ. ನಿನ್ನ ತಂಗಿ ಎಂಥ ಪೆದ್ದು ನೋಡು.

ಬುಧವಾರ ಹ್ಯಾಚರಿಯ ಗುಮಾಸ್ತೆ ಬಂದಿರಲಿಲ್ಲ. ಪಶುವೈದ್ಯರು ಕೊಟ್ಟ ಸರ್ಟಿಫಿಕೇಟು ಬೇಕೆಂದು ಉಪೇಂದ್ರ ಅವರು ನನ್ನನ್ನು ಆಫೀಸಿನ ಬೀರು ತೆಗೆದು ನೋಡಲು ಹೇಳಿದರು. ಸರ್ಟಿಫಿಕೇಟಿನ ಫೈಲಿನ ಕೆಳಗೆ ಟ್ವೈನು ದಾರ ಕಟ್ಟಿದ ಇನ್‌ಲ್ಯಾಂಡುಗಳ ಒಂದು ಕಂತೆ ಇತ್ತು. ಮೇಲಿನದರ ಅಕ್ಷರ ನೋಡಿದೊಡನೆ ನನ್ನ ಕೈ ನಿಂತಿತು. ನನಗೆ ಅ ಆ ಇ ಈ ತಿದ್ದಿಸಿದ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ? ಇನ್ನೊಬ್ಬರ ಕಾಗದ ಓದಬಾರದು ಎಂದು ನೀನೇ ಕಲಿಸಿದ್ದೆ. ಓದಿದೆ. ನಿಂತುಕೊಂಡೇ ಎಲ್ಲವನ್ನೂ ಓದಿದೆ. ವರ್ಷಕ್ಕೊಂದರಂತೆ ಹತ್ತು, ಮತ್ತು ಎಂಬತ್ತೊಂದರಲ್ಲಿ ಒಂದು ಹೆಚ್ಚು, ಒಟ್ಟು ಹನ್ನೊಂದು ಕಾಗದ. ಈ ಜುಲೈ ತಿಂಗಳದು ಹೀಗಿದೆ, ನಾನು ಒಂದಕ್ಷರ ತಪ್ಪದೆ ಬರೆಯುತ್ತೇನೆ: "ಪಂಕಜಳ ಸಂಬಳದ ವಿಷಯ. ನನಗೆ ಇನ್‌ಕ್ರಿಮೆಂಟು ಸೇರಿ ಈಗ ಒಂಬೈನೂರ ನಲವತ್ತು. ಅವಳಿಗೆ ಐನೂರ ಅರವತ್ತು ಧಾರಾಳವಾಯಿತು. ಅಣ್ಣನನ್ನು ಮೀರಿಸಿ ತರುವ ಹೆಣ್ಣು ಮನೆಯ ಮಾತು ಕೇಳುವುದಿಲ್ಲ. ನೀನಾಗಿಯೇ ಕೊಟ್ಟ ಹಾಗೆ ಕೊಡು." ಮೊದಲ ನಾಲ್ಕು ವರ್ಷದ ಕಾಗದಗಳಲ್ಲಿ ವರ ಸಿಗುವುದು ಕಷ್ಟವಾಗುತ್ತದೆ, ಆದ್ದರಿಂದ ಹೆಚ್ಚು ಕೊಡಬೇಡ ಎಂದಿದೆ. ಆಮೇಲೆ ವರ ಹುಡುಕುವುದನ್ನು ನೀನು ನಿಲ್ಲಿಸಿದೆ, ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ.

ಎಂಬತ್ತೊಂದರ ಆ ಹೆಚ್ಚಿನ ಕಾಗದದ ವಿಷಯವನ್ನು ಬರೆಯದೆ ಬಿಡೋಣ ಎಂದುಕೊಂಡಿದ್ದೆ. ಬಿಡುವುದಿಲ್ಲ. ಆ ವರ್ಷ ಅಮ್ಮನಿಗೆ ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣವೆಂದು ನಾನು ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಟ್ಟು ಉಪೇಂದ್ರ ಅವರ ಹತ್ತಿರ ತಿಂಗಳಿಗೆ ನೂರು ರೂಪಾಯಿ ಹೆಚ್ಚಿಗೆ ಕೇಳಿದ್ದೆ. ಯೋಚನೆ ಮಾಡ್ತೀನಿ ಎಂದರು. ಹದಿನೈದು ದಿನ ಬಿಟ್ಟು ಈಗ ಆಗಲ್ಲ ಎಂದರು. ಆ ಹದಿನೈದು ದಿನದಲ್ಲಿ ಅವರು ನಿನ್ನನ್ನು ಕೇಳಿದ್ದಾರೆ, ನೀನು ಉತ್ತರ ಬರೆದಿದ್ದೀಯ: "ಅಮ್ಮನ ಕಣ್ಣಿನ ನೆಪ ಹೇಳುತ್ತಾಳೆ. ಒಂದು ಸಲ ಕೇಳಿದ್ದಕ್ಕೆ ಕೊಟ್ಟರೆ ರೂಢಿಯಾಗುತ್ತದೆ. ಕೊಡಬೇಡ." ನೆಪ ಎಂದು ಬರೆದಿದ್ದೀಯ ಅಣ್ಣ. ನನಗೆ ಮಾತ್ರ, ಉಚಿತ ಶಿಬಿರ ನಡೆದಾಗ ಮಾಡಿಸು, ಅವಸರವೇನಿಲ್ಲ ಎಂದು ಬರೆದೆ. ಶಿಬಿರ ಬರುವುದರೊಳಗೆ ಅಮ್ಮ ಹೋದಳು. ಕೊನೆಯ ಆರು ತಿಂಗಳು ನಾನು ಹಿತ್ತಲಿನಿಂದ ಒಳಗೆ ಬಂದರೆ ಯಾರದು, ಯಾರದು ಎಂದು ಕೇಳುತ್ತಿದ್ದಳು. ಇದನ್ನು ನಾನು ಕ್ಷಮಿಸುವುದಿಲ್ಲ. ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ, ಸುಮ್ಮನೆ ಮಾತಿಗೆ ಹೇಳುತ್ತಿಲ್ಲ.

ಕಂತೆಯನ್ನು ಹಾಗೆಯೇ ಕೈಯಲ್ಲಿ ಹಿಡಿದು ಉಪೇಂದ್ರ ಅವರ ಮೇಜಿನ ಮೇಲೆ ಇಟ್ಟೆ. ಮನುಷ್ಯನ ಮುಖ ಸ್ವಲ್ಪವಾದರೂ ಬಾಡಬೇಕಲ್ಲ? ನಗುತ್ತಾ ಹೇಳಿದರು: "ಅಲ್ಲಾ ಪಂಕಜಾ, ಇದ್ರಲ್ಲಿ ನಂದೇನಿದೆ? ವೇಣು ಎಷ್ಟು ಹೇಳ್ತಾನೋ ಅಷ್ಟು ಕೊಟ್ಕೊಂಡ್ ಬಂದೆ. ಮನೆ ಯಜಮಾನನ ಮಾತು ಮೀರಕ್ಕಾಗತ್ತಾ? ಕಡಿಮೆ ಕೊಡು ಅಂತ ಬರೆದ್ರೆ ಬೇಡ ಅನ್ನಕ್ಕೆ ನನ್ಗೇನ್ ಹುಚ್ಚಾ?" ಪುಟ್ಟಣ್ಣನಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ಪುಟ್ಟಣ್ಣ ನನ್ನ ಜೊತೆ ಮರಿ ನೋಡುವವನು, ಐದು ವರ್ಷದ ಹಿಂದೆ ಅವನ ಹೆಬ್ಬೆರಳನ್ನು ಹಿಡಿದು ಎಷ್ಟು ಒತ್ತಬೇಕು ಎಂದು ಕಲಿಸಿದವಳೇ ನಾನು. ಅವನಿಗೆ ಹದಿಮೂರುನೂರಂತೆ. ಅವನು ಇವತ್ತಿಗೂ ನೂರಕ್ಕೆ ಆರು ತಪ್ಪುತ್ತಾನೆ. ಆದರೆ ಅವನಿಗೆ ಅಣ್ಣ ಇಲ್ಲವಲ್ಲ. ಇನ್ನು ಮುಂದೆ ಈ ಕಾಗದದಲ್ಲಿ ಉಪೇಂದ್ರನನ್ನು ಅವರು ಎಂದು ಬರೆಯುವುದಿಲ್ಲ. ನಿನ್ನ ಸ್ನೇಹಿತ, ನೀನು ಬೇಕಾದರೆ ಬರೆದುಕೋ.

ಆ ಸಂಜೆ ಮನೆಗೆ ಬಂದು ಲೆಕ್ಕ ಹಾಕಿದೆ. ತಿಂಗಳಿಗೆ ನಾನು ನೋಡುವ ಮರಿ ನಲವತ್ತೈದು ಸಾವಿರ. ಒಂದು ಮರಿಗೆ ನನಗೆ ಸಿಕ್ಕಿದ್ದು ಒಂದೂಕಾಲು ಪೈಸೆ. ಆ ಕಾಲಾಣೆಯ ಯೋಗ್ಯತೆಯೂ ಇಲ್ಲದ ದುಡ್ಡಿಗೆ ಹತ್ತು ವರ್ಷ ಆ ಬಲ್ಬಿನ ಕೆಳಗೆ ಕಣ್ಣು ಸುಟ್ಟುಕೊಂಡೆ. ಅಳು ಬರಲಿಲ್ಲ, ಅದೂ ಆಶ್ಚರ್ಯವೇ. ನೀನು ಕೆಟ್ಟವನು ಎಂದು ಹೇಳಿ ಮುಗಿಸಿಬಿಡುವ ಹಾಗಿದ್ದರೆ ಸುಲಭವಾಗುತ್ತಿತ್ತು. ಅಪ್ಪ ಹೋದಾಗ ನಿನಗೆ ಹತ್ತೊಂಬತ್ತು, ಓದು ಬಿಟ್ಟು ಕೆಲಸಕ್ಕೆ ಸೇರಿದೆ. ನನ್ನ ಪಿ.ಯು.ಸಿ. ಫೀಸಿಗೆ ನಿನ್ನ ರ್‍ಯಾಲಿ ಸೈಕಲ್ಲು ಮಾರಿ, ಎರಡು ವರ್ಷ ಯಶವಂತಪುರದವರೆಗೆ ನಡೆದುಕೊಂಡು ಹೋದೆ. ನನಗೆ ಜ್ವರ ಬಂದಾಗ ರಾಗಿ ಗಂಜಿ ಕಾಯಿಸಿ ಕುಡಿಸಿದವನು ನೀನೇ. ಆ ಅಣ್ಣ ನಾನು ಬೀಳದಂತೆ ನೋಡಿಕೊಂಡ, ಏಳದಂತೆಯೂ ನೋಡಿಕೊಂಡ. ನನ್ನ ತಂಗಿ ನನಗಿಂತ ಒಂದು ಮೆಟ್ಟಿಲು ಕೆಳಗೇ ಇರಲಿ ಎಂದು ವರ್ಷ ವರ್ಷವೂ ಹದಿನೈದು ಪೈಸೆಯೋ ಇಪ್ಪತ್ತು ಪೈಸೆಯೋ ಕೊಟ್ಟು ಅಂಚೆಯಲ್ಲಿ ಕಾಗದ ಹಾಕಿದೆಯಲ್ಲ, ಅದಕ್ಕೆ ಏನು ಹೇಳಲಿ?

ಹಾಗೆ ಯೋಚನೆ ಮಾಡುತ್ತಿರುವಾಗಲೇ ನನಗೆ ಬೇಕಾದ ಅಂಕಿ ಸಿಕ್ಕಿತು. ಮರಿಯ ಲೆಕ್ಕ, ಬಸ್ಸಿನ ಲೆಕ್ಕ, ಪುಟ್ಟಣ್ಣನ ಲೆಕ್ಕ ಎಲ್ಲವನ್ನೂ ಬಿಟ್ಟೆ. ನಿನ್ನ ಸಂಬಳವನ್ನು ತೆಗೆದುಕೊಂಡು ಎರಡರಿಂದ ಗುಣಿಸಿದೆ. ಒಂದು ಸಾವಿರದ ಎಂಟುನೂರ ಎಂಬತ್ತು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ಹತ್ತೊಂಬತ್ತು ನೂರು ಎಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಅದು ನಿನಗೆ ಅರ್ಥವಾಗುತ್ತಿರಲಿಲ್ಲ. ಚೀಟಿಯಲ್ಲಿ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದಿದ್ದೇನೆ, ನೀನು ನಿಮ್ಮ ಖಜಾನೆಯ ಬಿಲ್ಲುಗಳಲ್ಲಿ ಬರೆಯುವ ಹಾಗೆ. ಮೂರು ದಿನದಿಂದ ಅದನ್ನು ಬ್ಲೌಸಿನೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ. ನೀನು ಸಂಬಳದ ದಿನ ಸಾಲಿನಲ್ಲಿ ನಿಂತು ಒಂಬೈನೂರ ನಲವತ್ತು ಎಣಿಸಿಕೊಳ್ಳುವಾಗ, ತಂಗಿಗೆ ಇದರ ಎರಡರಷ್ಟು ಎಂದು ನಿನಗೆ ನೆನಪಾಗುತ್ತದಲ್ಲ, ತಿಂಗಳು ತಿಂಗಳೂ ನೆನಪಾಗುತ್ತದಲ್ಲ, ಅದನ್ನು ನೆನೆದು ಮೊನ್ನೆ ಬಸ್ಸಿನಲ್ಲಿ ಒಬ್ಬಳೇ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಸರಿದು ಕೂತಳು.

ನಿನ್ನ ಸ್ನೇಹಿತನನ್ನೂ ನಾನು ಮರೆತಿಲ್ಲ. ನಿನ್ನೆ ಶುಕ್ರವಾರದ ಮರಿಗಳನ್ನೆಲ್ಲ ನೋಡಿ ಮುಗಿಸಿ, ಕೈ ತೊಳೆದುಕೊಂಡು, ನಾಳೆಯಿಂದ ಬರುವುದಿಲ್ಲ ಎಂದು ಒಂದು ಸಾಲು ಬರೆದು ಅವನ ಮೇಜಿನ ಮೇಲಿಟ್ಟು ಬಂದೆ. ಒಂದು ತಿಂಗಳ ನೋಟೀಸು ಕೊಡಬೇಕು ಎಂದು ಎಗರಾಡಿದ. ಯಾವ ಆರ್ಡರಿನಲ್ಲಿ ಹಾಗಿದೆ, ತೋರಿಸಿ ಎಂದೆ. ಹತ್ತು ವರ್ಷದಲ್ಲಿ ನನಗೆ ಒಂದು ನೇಮಕದ ಕಾಗದವನ್ನೂ ಕೊಟ್ಟಿಲ್ಲ, ಮನೆಯ ಹುಡುಗಿಗೆ ಕಾಗದ ಯಾಕೆ ಎನ್ನುತ್ತಿದ್ದ. ಈಗ ತಮಾಷೆ ಕೇಳು. ಮೆಷಿನ್ನಿನಲ್ಲಿರುವ ಮೊಟ್ಟೆಗೆ ಬರುವ ಮಂಗಳವಾರ ಇಪ್ಪತ್ತೊಂದನೆಯ ದಿನ. ಎಂಟು ಸಾವಿರ ಮರಿ ಹೊರಗೆ ಬರುತ್ತವೆ, ಅವನು ಎಷ್ಟು ಕೈಮುಗಿದರೂ ಒಂದು ದಿನ ತಡೆಯುವುದಿಲ್ಲ. ಪುಟ್ಟಣ್ಣ ತಂಗಿಯ ಮಗುವಿನ ನಾಮಕರಣಕ್ಕೆಂದು ಗೌರಿಬಿದನೂರಿಗೆ ಹೋದವನು ಗುರುವಾರದವರೆಗೆ ಬರುವುದಿಲ್ಲ. ಒಂದು ದಿನ ಕಳೆದರೆ ಆ ಉಬ್ಬು ನನ್ನ ಕಣ್ಣಿಗೂ ಕಾಣುವುದಿಲ್ಲ. ಹೆಣ್ಣು ಗಂಡು ಗೊತ್ತಿಲ್ಲದ ಮರಿಯನ್ನು ಯಾವ ರೈತನೂ ಮೊಟ್ಟೆಕೋಳಿ ಬೆಲೆಗೆ ಕೊಳ್ಳುವುದಿಲ್ಲ. ಮರಿಗಳ ಮೇಲೆ ನನಗೇನೂ ಸಿಟ್ಟಿಲ್ಲ, ಅವು ಎಲ್ಲಿದ್ದರೂ ನುಚ್ಚು ತಿಂದುಕೊಂಡು ಬೆಳೆಯುತ್ತವೆ. ಉಪೇಂದ್ರ ಮೊದಲು ಓಡುವುದು ತಂತಿ ಆಫೀಸಿಗೆ. ಪಂಕಜಳಿಗೆ ಬುದ್ಧಿ ಹೇಳು ಎಂದು ನಿನಗೆ ತಂತಿ ಕೊಡುತ್ತಾನೆ. ಹೇಳು ಅಣ್ಣ. ಹತ್ತು ವರ್ಷ ನನಗೆ ಎಷ್ಟು ಕೊಡಬೇಕೆಂದು ಅವನಿಗೆ ಬುದ್ಧಿ ಹೇಳಿದವನು ನೀನು, ಈಗ ನನಗೂ ಹೇಳು, ನೋಡೋಣ.

ಧೈರ್ಯ ತುಂಬಾ ಇದೆ ಎಂದು ತಿಳಿಯಬೇಡ. ದೊಡ್ಡಮುನಿಯಪ್ಪನವರು ಚೌಕಾಸಿ ಇಲ್ಲ ಎಂದು ಮೊದಲೇ ಹೇಳಿದ್ದಾರೆ. ಚೀಟಿ ನೋಡಿ, ಹೋಗಮ್ಮ, ನಿನಗೇನು ತಲೆ ಕೆಟ್ಟಿದೆಯಾ ಎಂದರೆ ಅಲ್ಲಿಗೆ ಮುಗಿಯಿತು. ಉಪೇಂದ್ರನ ಬಾಗಿಲನ್ನು ನಾನೇ ಹಾಕಿಕೊಂಡು ಬಂದಿದ್ದೇನೆ. ಈ ಊರಿನಲ್ಲಿ ಮರಿ ನೋಡುವವರನ್ನು ಇಟ್ಟುಕೊಳ್ಳುವ ಇನ್ನೊಂದು ಹ್ಯಾಚರಿ ನನಗೆ ಗೊತ್ತಿಲ್ಲ. ಬಾಡಿಗೆ ಕೊಡದಿದ್ದರೆ ದ್ರೌಪದಮ್ಮನವರು ಎಷ್ಟು ತಿಂಗಳು ಇರಿಸಿಕೊಂಡಾರು? ಆಗ ನಾನು ಟ್ರಂಕು ಹಿಡಿದುಕೊಂಡು ಚಿತ್ರದುರ್ಗದಲ್ಲಿ ನಿನ್ನ ಮನೆಯ ಬಾಗಿಲಿಗೇ ಬರಬೇಕಾಗುತ್ತದೆ. ನೀನು ಬಾ ಎನ್ನುತ್ತೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ತಟ್ಟೆ ಹಾಕುತ್ತೀಯ, ಹಬ್ಬಕ್ಕೆ ಸೀರೆ ತರುತ್ತೀಯ, ನಾನು ತಲ್ಲಣಿಸದ ಹಾಗೆ ನೋಡಿಕೊಳ್ಳುತ್ತೀಯ. ಅದೇ ನನಗೆ ಹೆದರಿಕೆ. ಎಂಟುನೂರು ಎಂದು ಬರೆದರೆ ಈ ಯಾವ ಹೆದರಿಕೆಯೂ ಇಲ್ಲ, ಕೆಲಸ ಖಂಡಿತ ಸಿಗುತ್ತದೆ ಎಂದು ಬೆಳಿಗ್ಗೆ ಎದ್ದಾಗಿನಿಂದ ಮನಸ್ಸು ಹೇಳುತ್ತಲೇ ಇದೆ. ಚೀಟಿಯನ್ನು ಎರಡು ಸಲ ತೆಗೆದು, ಎರಡು ಸಲ ಒಳಗಿಟ್ಟೆ. ತಿದ್ದುವುದಿಲ್ಲ. ನೆಪ ಎಂಬ ಆ ಎರಡಕ್ಷರ ನೆನಪಾದರೆ ಕೈ ಗಟ್ಟಿಯಾಗುತ್ತದೆ.

ಹತ್ತು ಗಂಟೆಯ ಬಸ್ಸಿಗೆ ಜಕ್ಕೂರಿಗೆ ಹೊರಡುತ್ತೇನೆ. ಕಾಗದವನ್ನು ಅಂಟಿಸದೆ ಚೀಲದಲ್ಲಿಟ್ಟುಕೊಂಡು ಹೋಗಿ, ಬಂದ ಮೇಲೆ ಅಂಚೆಗೆ ಹಾಕುತ್ತೇನೆ. ಗೋದಾ ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಅವರ ಹತ್ತಿರ ಈ ಕಾಗದವನ್ನು ಮುಚ್ಚಿಡಬೇಡ, ಮುಚ್ಚಿಟ್ಟರೆ ಬೇರೆ ಬರೆಯುತ್ತೇನೆ. ಮಕ್ಕಳಿಗೆ ಅತ್ತೆಯ ಆಶೀರ್ವಾದ, ಚೆನ್ನಾಗಿ ಓದಲಿ. ನಿನ್ನ ಆರೋಗ್ಯ ನೋಡಿಕೋ. ನೀನು ಇನ್ನೂ ತುಂಬಾ ವರ್ಷ ಸರ್ವೀಸಿನಲ್ಲಿ ಇರಬೇಕು, ಪ್ರತಿ ತಿಂಗಳೂ ಸಂಬಳ ಎಣಿಸಿಕೊಳ್ಳಬೇಕು ಎಂದು ದೇವರನ್ನು ಬೇಡಿಕೊಳ್ಳುತ್ತೇನೆ.

ನಿನ್ನ ಕೈಯಲ್ಲಿ ಅಕ್ಷರ ಕಲಿತ ತಂಗಿ,
ಪಂಕಜಾ

ಮತ್ತೆ ಬರೆಯುವುದು: ಅಂಚೆ ಕಚೇರಿಯ ಮೇಜಿನ ಮೇಲೆ ಬರೆಯುತ್ತಿದ್ದೇನೆ, ಟಪಾಲು ತೆಗೆಯುವವನು ಚೀಲ ಹಿಡಿದು ನಿಂತಿದ್ದಾನೆ. ದೊಡ್ಡಮುನಿಯಪ್ಪನವರು ಚೀಟಿ ಬಿಡಿಸಿ ಓದಿದರು. ಒಪ್ಪಿದೆ ಎಂದು ಅದರ ಮೇಲೆಯೇ ಬರೆದು, ದಿನಾಂಕ ಹಾಕಿ, ಒಂದು ವರ್ಷಕ್ಕೆ ಎಂದು ನನ್ನ ರುಜು ಹಾಕಿಸಿಕೊಂಡು, ಮಡಚಿ ಜೇಬಿಗಿಟ್ಟರು. ಸೋಮವಾರದಿಂದ ಕೆಲಸ. ನನಗೆ ಕುಣಿಯುವ ಹಾಗಾಯಿತು. ಆಮೇಲೆ ಅವರು ನಗಲು ಶುರು ಮಾಡಿದರು. "ಮೂರ್ ಸಾವ್ರ ಕೇಳ್ತೀಯಾ ಅಂತ ಎದ್ರುಕೊಂಡ್ ಕೂತಿದ್ದೆ ಕಣಮ್ಮ. ಪೂನಾ ಕಡೆ ಮರೀಗೆ ಐದಾರ್ ಪೈಸೆ ಕೊಡ್ತಾರೆ. ಮೂರ್ ಸಾವ್ರಾನೂ ಕೊಡಾಕೆ ರೆಡಿ ಇದ್ದೆ. ಇದ್ಯಾವ್ ಲೆಕ್ಕ ಮಾಡ್ದೆ ನೀನು, ಸಾವುರ್ದೆಂಟ್ನೂರೆಂಬತ್ತು?" ಯಾವ ಲೆಕ್ಕ ಎಂದು ನಾನು ಅವರಿಗೆ ಹೇಳಲಿಲ್ಲ. ನಾಚಿಕೆಯಾಯಿತು. ನಿನ್ನನ್ನು ಸೋಲಿಸಬೇಕೆಂದು ಹೊರಟು ನಿನ್ನನ್ನೇ ಇಟ್ಟುಕೊಂಡು ಅಳೆದೆ, ತಿಂಗಳಿಗೆ ಸಾವಿರದ ನೂರ ಇಪ್ಪತ್ತು ಹೋಯಿತು. ಬರುವ ಸೆಪ್ಟೆಂಬರಿಗೆ ಮತ್ತೆ ಚೀಟಿ ಬರೆಯುತ್ತೇನೆ. ಅದಕ್ಕೇ ಅವಸರದಲ್ಲಿ ಇಷ್ಟು ಬರೆದದ್ದು: ನಿನಗೆ ಇನ್‌ಕ್ರಿಮೆಂಟು ಬರಲಿ, ಬಡ್ತಿ ಬರಲಿ, ಎಷ್ಟು ಬಂತು ಎಂದು ಇನ್ನು ಮೇಲೆ ನನಗೆ ತಿಳಿಯಬಾರದು. ಯಾರ ಕೈಯಲ್ಲಿಯೂ ಹೇಳಿ ಕಳುಹಿಸಬೇಡ.